ನೋಡದ ಊರಿನವರು

ಎಲ್ಲರಿಗೂ ನಮಸ್ಕಾರ. 'ಎ ವರ್ಲ್ಡ್ ನಾಟ್ ಅವರ್ಸ್' ಸಾಕ್ಷ್ಯಚಿತ್ರ ಮುಗಿದು ಲೈಟ್ ಹಾಕಿದ ಮೇಲೂ ಕೂತಿದ್ದೀರಿ. ಜಾಸ್ತಿ ಹೊತ್ತು ಹಿಡಿಯುವುದಿಲ್ಲ.

ಹೊಸಬರು ಸಿಕ್ಕರೆ ನಾವು ಮೊದಲು ಕೇಳುವುದು 'ಯಾವೂರು?' ಅಂತ. ಬೆಂಗಳೂರಲ್ಲೇ ಹುಟ್ಟಿದವರೂ 'ನಮ್ಮದು ಹಾಸನದ ಕಡೆ' ಅನ್ನುತ್ತಾರೆ. ಊರೆಂದರೆ ಹಿರಿಯರ ಊರು, ಅಲ್ವಾ? ಜಾತ್ರೆಗೆ ಬಸ್ ಹತ್ತಿದರೆ ಸಂಜೆಯೊಳಗೆ ಅಲ್ಲಿರುತ್ತೇವೆ.

ನೀವು ಈಗ ನೋಡಿದ ಐನ್ ಅಲ್-ಹಿಲ್ವೆ ಲೆಬನಾನಿನ ಸೈದಾ ನಗರದ ಪಕ್ಕದ ಪ್ಯಾಲೆಸ್ಟೀನಿ ನಿರಾಶ್ರಿತರ ಶಿಬಿರ. ಹೆಸರಿನ ಅರ್ಥ ಸಿಹಿನೀರ ಬುಗ್ಗೆ. ಅಲ್ಲಿಯ ಹುಡುಗನನ್ನು ಯಾವೂರು ಅಂತ ಕೇಳಿದರೆ 'ಸಫ್ಫೂರಿಯಾ' ಅಂದಾನು. ಅದು ಈಗಿನ ಇಸ್ರೇಲಿನ ನಜರೆತ್ ಹತ್ತಿರ ಇದ್ದ ಹಳ್ಳಿ. 1948ರ ಜುಲೈನಲ್ಲಿ ಇಸ್ರೇಲಿ ಸೇನೆ ಅದನ್ನು ಹಿಡಿಯಿತು, ಜನ ಚದುರಿಹೋದರು. ಆಗಿನ ಅರಬ್-ಇಸ್ರೇಲ್ ಯುದ್ಧದಲ್ಲಿ ಹೀಗೆ ಮನೆ ಕಳೆದುಕೊಂಡ ಪ್ಯಾಲೆಸ್ಟೀನಿಯರು 7 ಲಕ್ಷಕ್ಕೂ ಹೆಚ್ಚು. ಅವರು ಅದನ್ನು 'ನಕ್ಬಾ' ಅನ್ನುತ್ತಾರೆ, ಮಹಾ ವಿಪತ್ತು ಅಂತ. ಶಿಬಿರಕ್ಕೆ ಬಂದ ಒಂದೊಂದು ಹಳ್ಳಿಯವರು ಒಂದೊಂದು ಕಡೆ ಒಟ್ಟಿಗೆ ಬಿಡಾರ ಹೂಡಿದರು. ಹಾಗಾಗಿ ಅಲ್ಲಿನ ಕೇರಿಗಳಿಗೆ ಇವತ್ತಿಗೂ ಆ ಹಳ್ಳಿಗಳದ್ದೇ ಹೆಸರು. ನೇರ ಗೆರೆ ಎಳೆದರೆ ಶಿಬಿರದಿಂದ ಸಫ್ಫೂರಿಯಾಕ್ಕೆ 100 ಕಿಲೋಮೀಟರ್ ಕೂಡ ಇಲ್ಲ. ಆದರೆ ನಡುವಿನ ಗಡಿ ಇವರಿಗೆ ತೆರೆಯುವುದಿಲ್ಲ.

ಅದೇ ಶಿಬಿರದಲ್ಲಿ ಬೆಳೆದವರು ವ್ಯಂಗ್ಯಚಿತ್ರಕಾರ ನಾಜಿ ಅಲ್-ಅಲಿ. ಅವರ ಹಂದಾಲಾ ಗೊತ್ತಲ್ಲ? ಕೈ ಹಿಂದೆ ಕಟ್ಟಿಕೊಂಡು ನಮಗೆ ಬೆನ್ನು ಹಾಕಿ ನಿಂತ ಬರಿಗಾಲ ಹುಡುಗ. ಅವನ ವಯಸ್ಸು 10. ತಾಯ್ನಾಡಿಗೆ ಮರಳುವವರೆಗೆ ಅವನು ದೊಡ್ಡವನಾಗುವುದಿಲ್ಲ ಅಂತ ನಾಜಿ ಹೇಳಿದ್ದರು. 1987ರಲ್ಲಿ ಲಂಡನ್ನಿನಲ್ಲಿ ನಾಜಿಗೆ ಗುಂಡೇಟು ಬಿತ್ತು, ಅವರು ಉಳಿಯಲಿಲ್ಲ. ಹಂದಾಲಾಗೆ ಇನ್ನೂ 10.

ಆದರೆ ನಿಜವಾದ ಹುಡುಗರಿಗೆ ವಯಸ್ಸಾಗುತ್ತದೆ. ಮೀಸೆ ಬರುತ್ತದೆ, ಕೆಲಸ ಬೇಕಾಗುತ್ತದೆ. ಲೆಬನಾನಿನಲ್ಲಿ ಈ ಪ್ಯಾಲೆಸ್ಟೀನಿಯರು ಡಾಕ್ಟರು, ವಕೀಲರಾಗಿ ಕೆಲಸ ಮಾಡುವಂತಿಲ್ಲ. 2001ರ ಕಾನೂನು ಬಂದ ಮೇಲೆ ಮನೆ, ಜಾಗ ಕೊಳ್ಳುವಂತೆಯೂ ಇಲ್ಲ. ಈ ಮಾತು ನಮ್ಮ ಭಾಷಣಗಳಲ್ಲಿ ಕಡಿಮೆ ಬರುತ್ತದೆ. ಬಾವುಟ ಹಿಡಿದು ಹಾಡುವುದು ಸುಲಭ ನೋಡಿ.

ಮಹ್ದಿ ಫ್ಲೈಫೆಲ್ 2012ರಲ್ಲಿ ಮಾಡಿದ ಈ 'ಎ ವರ್ಲ್ಡ್ ನಾಟ್ ಅವರ್ಸ್' ನನಗೆ ಹಿಡಿಸಿದ್ದು ಅದಕ್ಕೇ. ಇದರಲ್ಲಿ ಹಾಡು ಕಡಿಮೆ, ಬೇಸರ ಜಾಸ್ತಿ. ಅಪ್ಪ ತೆಗೆದಿಟ್ಟ ಹಳೇ ವಿಡಿಯೋಗಳು, ಗಲ್ಲಿಯ ಮಕ್ಕಳ ಮೇಲೆ ರೇಗುವ ಅಜ್ಜ, ವಿಶ್ವಕಪ್ ಫುಟ್‌ಬಾಲ್ ಬಂದರೆ ಬ್ರೆಜಿಲ್, ಇಟಲಿ ಅಂತ ಯಾರದೋ ಬಾವುಟಕ್ಕೆ ಕಿರುಚುವ ಜನ. ನಕ್ಕಿರಿ ತಾನೇ? ನಾನೂ ನಕ್ಕೆ.

ಆಮೇಲೆ ಅಬು ಇಯಾದ್ ಬರುತ್ತಾನೆ, ನಿರ್ದೇಶಕನ ಗೆಳೆಯ. ಅವನಿಗೆ ಶಿಬಿರವೂ ಸಾಕಾಗಿದೆ, ತಾನಿರುವ ರಾಜಕೀಯ ಪಕ್ಷವೂ ಸಾಕಾಗಿದೆ. ಪ್ಯಾಲೆಸ್ಟೈನ್ ಅನ್ನುವ ಮಾತೇ ಸಾಕಾಗಿದೆ. ಕೇಳಲು ಕಸಿವಿಸಿಯಾಗುತ್ತದೆ. ನೊಂದವರು ತಾಯ್ನಾಡಿಗಾಗಿ ಹಂಬಲಿಸುತ್ತಲೇ ಇರಬೇಕು ಅಂತ ದೂರದಲ್ಲಿ ಕೂತ ನಾವು ಬಯಸುತ್ತೇವೆ. ಆದರೆ ಕ್ಯಾಮೆರಾ ಹಿಡಿದ ನಿರ್ದೇಶಕ ದುಬೈಯಲ್ಲಿ ಹುಟ್ಟಿದವನು, ಚಿಕ್ಕಂದಿನಲ್ಲಿ ಕೆಲವು ವರ್ಷ ಶಿಬಿರದಲ್ಲಿದ್ದು ಆಮೇಲೆ ಡೆನ್ಮಾರ್ಕಿನಲ್ಲಿ ಬೆಳೆದವನು. ರಜೆಗೆ ಬರುತ್ತಾನೆ, ರಜೆ ಮುಗಿದರೆ ಹೊರಡುತ್ತಾನೆ. ಶಿಬಿರ ಅವನಿಗೆ ಅಜ್ಜನ ಮನೆ. ಅಬು ಇಯಾದ್‌ಗೆ ಹಾಗೆ ಹೊರಡಲು ಪಾಸ್‌ಪೋರ್ಟ್ ಇಲ್ಲ. ಊರಿನ ನೆನಪು ಹೋಗಿಬರುವವನಿಗೆ ಸಿಹಿ, ಅಲ್ಲೇ ಸಿಕ್ಕಿಬಿದ್ದವನಿಗೆ ಹೊರೆ. ನಿರ್ದೇಶಕ ಇದನ್ನು ಮುಚ್ಚಿಡುವುದಿಲ್ಲ. ಇಬ್ಬರ ಗೆಳೆತನದೊಳಗೇ ಆ ಗೀರು ಕಾಣುತ್ತದೆ.

ಕೊನೆಗೆ ಅಬು ಇಯಾದ್ ಹೊರಟದ್ದು ಪ್ಯಾಲೆಸ್ಟೈನಿಗಲ್ಲ. ಕಳ್ಳದಾರಿಯಲ್ಲಿ ಸಿರಿಯಾ, ಟರ್ಕಿ ದಾಟಿ ಗ್ರೀಸಿಗೆ. ಆ ಹೊತ್ತಿಗೆ ಗ್ರೀಸೇ ಸಾಲದಲ್ಲಿ ಮುಳುಗಿತ್ತು. ಅಲ್ಲಿಯ ಅವನ ಬದುಕಿನ ಬಗ್ಗೆ ಫ್ಲೈಫೆಲ್ 2014ರಲ್ಲಿ ಒಂದು ಸಣ್ಣ ಚಿತ್ರ ಮಾಡಿದರು. ಹೆಸರು 'ಕ್ಸೆನೋಸ್'. ಗ್ರೀಕ್‌ನಲ್ಲಿ ಆ ಪದಕ್ಕೆ ಹೊರಗಿನವನು ಅಂತಲೂ ಅರ್ಥ, ಅತಿಥಿ ಅಂತಲೂ ಅರ್ಥ. ನಮ್ಮ 'ಪರದೇಶಿ'ಗೂ ಎರಡು ಅರ್ಥ ಇವೆ. ಎರಡನೆಯದು ಅತಿಥಿ ಅಲ್ಲ.

ಮೈಕ್ ನಿಮ್ಮ ಕಡೆ ಕಳಿಸುತ್ತೇನೆ. ಹಿಂದಿನ ಸಾಲಿನವರು ಆಗಲೇ ಕೈ ಎತ್ತಿದ್ದಾರೆ, ಅವರಿಂದಲೇ ಶುರುವಾಗಲಿ.