ಅಳತೆ ಮೊದಲು, ಸ್ಪ್ಯಾನರ್ ಆಮೇಲೆ

ಸ್ನೇಹಿತರೆ, ನಮಸ್ಕಾರ.

ಇವತ್ತಿನ ಮಾತು ಬೈಕಿನ ಆಯಿಲ್ ಫಿಲ್ಟರ್ ಬಿಚ್ಚಲು ಬೇಕಾಗುವ ವಿಶೇಷ ಸಲಕರಣೆಗಳ ಬಗ್ಗೆ. ಆಯಿಲ್ ಇಳಿಸುವುದು ಸುಲಭ. ಫಿಲ್ಟರ್‌ನ ಎದುರು ಕುಳಿತಾಗಲೇ ಪೆಟ್ಟಿಗೆಯಲ್ಲಿರುವ ಯಾವ ಪಾನವೂ (ಸ್ಪ್ಯಾನರ್) ಅದಕ್ಕೆ ಕೂರುವುದಿಲ್ಲ ಎಂಬುದು ಗೊತ್ತಾಗುವುದು. ಆಗ ಕೈ ತಾನಾಗಿಯೇ ಸುತ್ತಿಗೆ, ಉಳಿಯ ಕಡೆಗೆ ಹೋಗುತ್ತದೆ. ಆ ಕೈಯನ್ನು ತಡೆಯಬೇಕೆಂದೇ ನಾನು ಇಲ್ಲಿಗೆ ಬಂದಿದ್ದೇನೆ. ಸಲಕರಣೆಯನ್ನು ನಾವೇ ಮಾಡಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ, ಅದು ಹೆಮ್ಮೆಯ ಕೆಲಸ. ಆದರೆ ಬಿಚ್ಚಬೇಕಾದ ಭಾಗದಲ್ಲಿ ಬಲ ಹೊರಲೆಂದೇ ರೂಪಿಸಿದ ಒಂದು ಜಾಗ ಇರುತ್ತದೆ. ನಮ್ಮ ಸಲಕರಣೆ ಬಲವನ್ನು ಅಲ್ಲಿಗೇ ಮುಟ್ಟಿಸಬೇಕು, ಬೇರೆಲ್ಲಿಗೂ ಅಲ್ಲ.

ನಮ್ಮ ಊರುಗಳಲ್ಲಿ ಅತಿ ಹೆಚ್ಚು ಕಾಣುವ ಎಂಜಿನ್ನಿನಿಂದಲೇ ಶುರು ಮಾಡೋಣ. 1985ರಲ್ಲಿ ಹೀರೊ ಹೋಂಡಾ ಸಿಡಿ 100 ಬಂತು, 1994ರಲ್ಲಿ ಸ್ಪ್ಲೆಂಡರ್ ಬಂತು. ಈ 97 ಸಿಸಿ ಎಂಜಿನ್ನಿನಲ್ಲಿ ಹಳೆಯದನ್ನು ಎಸೆದು ಹೊಸದು ಹಾಕುವ ಕಾಗದದ ಫಿಲ್ಟರ್ ಇಲ್ಲ. ತಳದಲ್ಲಿ ಒಂದು ತಂತಿಯ ಜಾಲರಿ, ಎಂಜಿನ್ನಿನೊಳಗೆ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟ್‌ನ ಬಲತುದಿಯಲ್ಲಿ ಒಂದು ಪುಟ್ಟ ಡಬ್ಬಿ, ಅಷ್ಟೇ. ಬಟ್ಟೆ ಹಿಂಡುವ ಯಂತ್ರದ ತೊಟ್ಟಿ ನೀರನ್ನು ಗೋಡೆಗೆ ಎಸೆಯುವಂತೆ ಈ ಡಬ್ಬಿ ಕ್ರ್ಯಾಂಕಿನ ವೇಗದಲ್ಲೇ ತಿರುಗುತ್ತಾ, ಆಯಿಲ್‌ಗಿಂತ ಭಾರವಾದ ಲೋಹದ ಪುಡಿ ಮತ್ತು ಕಸವನ್ನು ಅಂಚಿಗೆ ತಳ್ಳಿ ಹಿಡಿದಿಡುತ್ತದೆ. ಆಯಿಲ್ ಮಾತ್ರ ಬದಲಿಸಿ, ಡಬ್ಬಿಯನ್ನು ವರ್ಷಗಟ್ಟಲೆ ಮುಟ್ಟದೆ ಬಿಟ್ಟರೆ ಕಪ್ಪು ಕೆಸರು ಒಳಗೆ ದಪ್ಪವಾಗಿ ಕೂರುತ್ತದೆ. ಎಷ್ಟೋ ಸ್ಪ್ಲೆಂಡರ್‌ಗಳ ಕೊನೆಯವರೆಗೂ ಈ ಡಬ್ಬಿಯ ಮುಚ್ಚಳ ತೆರೆಯುವುದೇ ಇಲ್ಲ. ಇದು ನನಗೆ ನಿಜಕ್ಕೂ ಬೇಸರ ತರಿಸುವ ಸಂಗತಿ. ಅದನ್ನು ಒರೆಸಲು ಬೇಕಾಗುವುದು ಸ್ವಲ್ಪ ಸೀಮೆಎಣ್ಣೆ, ನೂಲು ಬಿಡದ ಬಟ್ಟೆ ಮತ್ತು ಆಯಿಲ್ ಸೋರದಂತೆ ಕವರಿನ ಅಡಿಯಲ್ಲಿ ಕೂರುವ ಒಂದು ಹೊಸ ಗ್ಯಾಸ್ಕೆಟ್ ಮಾತ್ರ.

ಹಾಗಾದರೆ ಏಕೆ ತೆರೆಯುವುದಿಲ್ಲ? ಬಲಗಡೆಯ ಕವರ್ ತೆಗೆದ ಮೇಲೆ ಡಬ್ಬಿಯ ಮುಚ್ಚಳದಲ್ಲಿ ಸ್ಟಾರ್ ಸ್ಕ್ರೂಗಳು ಎದುರಾಗುತ್ತವೆ. ಇವು ಜಪಾನಿ ಮಾನಕದವು. ಬಜಾರಿನ ಫಿಲಿಪ್ಸ್ ಸ್ಕ್ರೂಡ್ರೈವರ್ ನೋಡಲು ಅದೇ ಆಕಾರದ್ದು, ಆದರೆ ಅದರ ತುದಿ ಸ್ಕ್ರೂವಿನ ತಳ ಮುಟ್ಟಿದಾಗ ರೆಕ್ಕೆಗಳು ಪೂರ್ತಿ ಒಳಗೆ ಕೂತಿರುವುದಿಲ್ಲ. ಬಲ ಹಾಕಿದ ಕೂಡಲೇ ಮೇಲೆ ಹಾರಿ ತಲೆಯನ್ನು ಸವೆಸಿಬಿಡುತ್ತದೆ. ಜಪಾನಿ ಮಾನಕದ ಡ್ರೈವರ್ ಸಿಕ್ಕರೆ ಕೊಳ್ಳಿ. ಸಿಗದಿದ್ದರೆ ಒಳ್ಳೆಯ ಉಕ್ಕಿನ ಹಳೆಯ ಡ್ರೈವರಿನ ಮೂಗನ್ನು ಅರದಿಂದ ಕೂದಲೆಳೆಯಷ್ಟು ತಗ್ಗಿಸಿ, ಆಳವಾಗಿ ಕೂರುತ್ತದೆ. ತುದಿಗೆ ಚೂರು ವಾಲ್ವ್ ಗ್ರೈಂಡಿಂಗ್ ಪೇಸ್ಟ್ (ಲೋಹ ಉಜ್ಜುವ ಒರಟು ಕಣಗಳ ಪೇಸ್ಟ್) ಹಚ್ಚಿದರೆ ಹಿಡಿತ ಇನ್ನೂ ಹೆಚ್ಚುತ್ತದೆ. ಆದರೆ ಸ್ಕ್ರೂ ಬಿಟ್ಟ ಮೇಲೆ ಆ ಪೇಸ್ಟಿನ ಒಂದು ಕಣವೂ ಎಂಜಿನ್ನಿನೊಳಗೆ ಉಳಿಯಬಾರದು. ಸುತ್ತಿಗೆಯ ಏಟನ್ನೇ ತಿರುವಾಗಿ ಬದಲಿಸುವ ಇಂಪ್ಯಾಕ್ಟ್ ಡ್ರೈವರ್ ಒಂದನ್ನಂತೂ ದುಡ್ಡು ಕೊಟ್ಟು ತರಲೇಬೇಕು. ಅದಕ್ಕೆ ಬದಲಿ ಏನನ್ನೂ ನಾನು ಒಪ್ಪುವುದಿಲ್ಲ.

ಕ್ರ್ಯಾಂಕ್ ತುದಿಯ ಗೇರ್ ತೆಗೆಯಬೇಕಾದರೆ ಇಡೀ ಡಬ್ಬಿಯನ್ನೇ ಹೊರತೆಗೆಯಬೇಕು. ಅದನ್ನು ಹಿಡಿದಿರುವುದು ಆರು ಮುಖದ ನಟ್ಟಲ್ಲ. ನಾಲ್ಕು ಕಚ್ಚುಗಳಿರುವ ದುಂಡು ನಟ್ಟು. ಹೋಂಡಾ ವಂಶದ ಅನೇಕ ಸಣ್ಣ ಎಂಜಿನ್‌ಗಳಲ್ಲಿ ಇಂಥ ನಟ್ಟುಗಳಿವೆ. ಕಂಪನಿಯ ಸಲಕರಣೆಗಳ ಪಟ್ಟಿಯಲ್ಲಿ 20-24 ಮಿಲಿಮೀಟರಿನ ಲಾಕ್‌ನಟ್ ಪಾನ ಎಂಬುದು ಇದಕ್ಕಾಗಿಯೇ ಇದೆ. ರಸ್ತೆಬದಿಯಲ್ಲಿ ಇದಕ್ಕೆ ಉಳಿ ಇಟ್ಟು ಹೊಡೆಯುತ್ತಾರೆ. ಒಮ್ಮೆ ಬಿಡುತ್ತದೆ, ಎರಡನೆಯ ಸಲವೂ ಬಿಡಬಹುದು. ಅಷ್ಟರಲ್ಲಿ ಕಚ್ಚುಗಳ ಅಂಚು ಕಿತ್ತುಹೋಗಿರುತ್ತದೆ. ಏಟಿನ ಹೊರೆಯೆಲ್ಲ ಕ್ರ್ಯಾಂಕಿನ ಬೇರಿಂಗ್ ಮೇಲೆ ಬೀಳುತ್ತದೆ.

ಈ ಪಾನವನ್ನು ಮಾಡಿಕೊಳ್ಳುವ ವಿಧಾನವನ್ನು ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ. ಮೊದಲು ಸೂಕ್ಷ್ಮ ಅಳತೆಯ ಸಾಧನವಾದ ವರ್ನಿಯರ್ ಹಿಡಿದು ನಟ್ಟಿನ ಹೊರ ಅಳತೆ, ಕಚ್ಚಿನ ಅಗಲ, ಕಚ್ಚಿನ ಆಳ ಮೂರನ್ನೂ ಬರೆದುಕೊಳ್ಳಿ. ಆಮೇಲೆ ಗುಜರಿ ಅಂಗಡಿಗೆ ಹೋಗಿ ಆ ಅಳತೆಗೆ ಹೊಂದುವ ಹಳೆಯ ಬಾಕ್ಸ್, ಅಂದರೆ ನಟ್ಟಿನ ಮೇಲೆ ಕೂರುವ ಕೊಳವೆಯಂಥ ಪಾನ, ಹುಡುಕಿ. ನೀರಿನ ಪೈಪಿನ ತುಂಡು ಬೇಡ. ಅದರ ಕಬ್ಬಿಣ ಮೆದು, ಹಲ್ಲುಗಳು ಮೊದಲ ತಿರುವಿಗೇ ಬಾಗುತ್ತವೆ. ಬಾಕ್ಸಿನ ತುದಿಯಲ್ಲಿ ನಾಲ್ಕು ಹಲ್ಲುಗಳನ್ನು ಗುರುತು ಹಾಕಿ, ಉಳಿದದ್ದನ್ನು ಗ್ರೈಂಡರ್‌ನಲ್ಲಿ ಕಳೆಯಿರಿ. ಎರಡೆರಡು ಕ್ಷಣಕ್ಕೆ ನೀರಿನಲ್ಲಿ ಅದ್ದುತ್ತಿರಿ. ಉಕ್ಕು ನೀಲಿ ಬಣ್ಣಕ್ಕೆ ತಿರುಗಿತೆಂದರೆ ಅದರ ಹದ ಹೋಯಿತು, ಹಲ್ಲು ಮೆದುವಾಯಿತು. ಕೊನೆಯ ಅಳತೆಯನ್ನು ಅರದಿಂದಲೇ ಮುಗಿಸಿ. ನಾಲ್ಕೂ ಹಲ್ಲುಗಳು ಒಟ್ಟಿಗೆ ಕೂರಬೇಕು. ಎರಡು ಮಾತ್ರ ಕಚ್ಚಿದರೆ ಉಳಿ ಹಿಡಿದದ್ದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ತಿರುಗಿಸುವಾಗ ಗೇರ್‌ಗಳು ಸುತ್ತದಂತೆ ಹಲ್ಲುಗಳ ನಡುವೆ ತಾಮ್ರದ ಪಟ್ಟಿಯ ಚೂರು ಇಡಿ. ಉಕ್ಕಿನ ತುಂಡನ್ನು ಎಂದಿಗೂ ಇಡಬೇಡಿ.

ಇನ್ನು ದೊಡ್ಡ ಬೈಕುಗಳು. 2018ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650ರಂಥವುಗಳಲ್ಲಿ ಕಾರಿನ ಹಾಗೆ ತಿರುಗಿಸಿ ಕೂರಿಸುವ ಡಬ್ಬಿ ಫಿಲ್ಟರ್ ಇದೆ. ಇದಕ್ಕೆ ಸರಿಯಾದ ಸಲಕರಣೆ ತುದಿಗೆ ಟೋಪಿಯಂತೆ ಕೂರುವ ಕಪ್. ಹಲವು ಜಪಾನಿ ಬೈಕುಗಳ ಫಿಲ್ಟರ್‌ಗೆ 65 ಮಿಲಿಮೀಟರಿನ, 14 ಮುಖಗಳ ಕಪ್ ಹೊಂದುತ್ತದೆ. ಆದರೂ ಅಂದಾಜಿನ ಮೇಲೆ ಕೊಳ್ಳಬೇಡಿ. ಹೊಸ ಫಿಲ್ಟರನ್ನು ಕೈಯಲ್ಲೇ ಹಿಡಿದು ಅಂಗಡಿಗೆ ಹೋಗಿ, ಮುಖಗಳನ್ನು ಎಣಿಸಿ, ಕೂರಿಸಿ ನೋಡಿ. ಬೆಂಗಳೂರಿನವರಿಗೆ ವಾಹನಗಳ ಬಿಡಿಭಾಗ ಮಾರುವ ಜೆ.ಸಿ. ರಸ್ತೆಯಿದೆ, ಉಳಿದವರಿಗೆ ಪರಿಚಯದ ಲೇತ್ ಅಂಗಡಿಯೇ ದೊಡ್ಡ ಆಸರೆ. ಕೆ ಅಂಡ್ ಎನ್ ಕಂಪನಿಯ ಫಿಲ್ಟರ್‌ಗಳ ತುದಿಯಲ್ಲಿ ಒಂದು ನಟ್ಟನ್ನೇ ಬೆಸೆದಿರುತ್ತಾರೆ. ಬೈಕಿನ ಫಿಲ್ಟರ್‌ಗಳಲ್ಲಿ ಅದು ಸಾಮಾನ್ಯವಾಗಿ 17 ಮಿಲಿಮೀಟರಿನ ಅಳತೆ. ವಿಶೇಷ ಸಲಕರಣೆಯ ಅಗತ್ಯವನ್ನೇ ತೆಗೆದುಹಾಕಿದ ಈ ಉಪಾಯ ನನಗೆ ಬಹಳ ಮೆಚ್ಚುಗೆ. ಇದಕ್ಕೆ ತದ್ವಿರುದ್ಧ 1969ರ ಹೋಂಡಾ ಸಿಬಿ 750. ಅಷ್ಟು ದೊಡ್ಡ ಫಿಲ್ಟರ್ ಮನೆಯನ್ನು ಹಿಡಿದ ಬೋಲ್ಟಿಗೆ 12ರ ಪುಟ್ಟ ತಲೆ. ಅದು ದುಂಡಗಾಗಿ ಸವೆದು ಜಗತ್ತಿನಾದ್ಯಂತ ಮಾಲೀಕರನ್ನು ಕಾಡಿತು.

ಕಪ್ ಇಲ್ಲ, ಫಿಲ್ಟರ್ ಮಾತ್ರ ಬಿಡುತ್ತಿಲ್ಲ ಎಂದರೆ? ಎಂಜಿನ್ ಉಗುರುಬೆಚ್ಚಗಿರುವಾಗ, ಡಬ್ಬಿಯ ಎಣ್ಣೆಪಸೆಯನ್ನು ಪೂರ್ತಿ ಒರೆಸಿ, ಒರಟು ಉಪ್ಪುಕಾಗದವನ್ನು ಒರಟು ಮುಖ ಒಳಗಾಗುವಂತೆ ಸುತ್ತಿ ಎರಡೂ ಕೈಗಳಿಂದ ತಿರುಗಿಸಿ. ಅರ್ಧಕ್ಕರ್ಧ ಡಬ್ಬಿಗಳು ಇಷ್ಟಕ್ಕೇ ಬಿಡುತ್ತವೆ. ಬಿಡದಿದ್ದರೆ ಹಳೆಯ ರಬ್ಬರ್ ಬೆಲ್ಟನ್ನು ಕುಣಿಕೆ ಮಾಡಿ ಡಬ್ಬಿಗೆ ಹಾಕಿ, ಕಬ್ಬಿಣದ ಸರಳಿಗೆ ಸುತ್ತಿ ತಿರುಚಿ. ಹಿಡಿತ ಎಂಜಿನ್ನಿಗೆ ಹತ್ತಿರದ ಅಂಚಿನಲ್ಲೇ ಇರಲಿ. ಅಲ್ಲಿ ತಗಡು ಗಟ್ಟಿ, ನಡುಭಾಗದಲ್ಲಿ ಹಿಂಡಿದರೆ ನೆಗ್ಗುತ್ತದೆ. ಸ್ಕ್ರೂಡ್ರೈವರ್ ಚುಚ್ಚಿ ತಿರುಗಿಸುವ ಪದ್ಧತಿಯನ್ನು ಬಹಳ ಜನ ಮೊದಲ ಉಪಾಯವೆಂದೇ ಕಲಿಸುತ್ತಾರೆ. ನಾನು ಅದನ್ನು ಬಲವಾಗಿ ವಿರೋಧಿಸುತ್ತೇನೆ. ತಗಡು ಹರಿದು, ತಿರುಪಿನ ದಾರವಿರುವ ತಳದ ತಟ್ಟೆ ಮಾತ್ರ ಎಂಜಿನ್ನಿಗೆ ಅಂಟಿಕೊಂಡು ಉಳಿದರೆ ಅಂದಿನ ಕೆಲಸ ಮೂರು ಪಟ್ಟಾಗುತ್ತದೆ.

ಆಯಿಲ್ ಇಳಿಸುವ ಡ್ರೈನ್ ಬೋಲ್ಟಿಗೆ ದೊಡ್ಡ ಅಲೆನ್ ಕೀ (ಆರು ಮುಖದ ಕುಳಿಯೊಳಗೆ ಕೂರುವ ಕೀ) ಬೇಕಾಗಿ ಅದು ಕೈಯಲ್ಲಿಲ್ಲದಿದ್ದರೆ ಒಂದು ಬೋಲ್ಟು, ಎರಡು ನಟ್ಟು ಸಾಕು. 6 ಮಿಲಿಮೀಟರ್ ಬೋಲ್ಟಿನ ತಲೆ ಸಾಮಾನ್ಯವಾಗಿ 10ರ ಅಳತೆ. ಅದನ್ನು 10ರ ಕುಳಿಗೆ ತಲೆಕೆಳಗಾಗಿ ಕೂರಿಸಿ, ದಾರದ ಮೇಲೆ ಎರಡು ನಟ್ಟುಗಳನ್ನು ಒಂದಕ್ಕೊಂದು ಬಿಗಿದು, ಕೆಳಗಿನ ನಟ್ಟಿಗೆ ಪಾನ ಹಾಕಿ ಬಿಚ್ಚುವ ದಿಕ್ಕಿಗೆ ತಿರುಗಿಸಿ. ಮೇಲಿನ ನಟ್ಟಿಗೆ ಹಾಕಿದರೆ ಆ ದಿಕ್ಕಿನಲ್ಲಿ ಅದೇ ಸಡಿಲವಾಗಿಬಿಡುತ್ತದೆ. ತಲೆಯನ್ನು ಕೂರಿಸುವ ಮೊದಲು ಕುಳಿಯ ಮಣ್ಣನ್ನು ಕೆದಕಿ ತೆಗೆದಿರಬೇಕು.

ಇಷ್ಟೆಲ್ಲ ಹೋರಾಟ ಬರುವುದೇ ಹಿಂದಿನವರು ಫಿಲ್ಟರನ್ನು ಒಣ ರಬ್ಬರಿನೊಂದಿಗೆ ಅತಿಯಾಗಿ ಬಿಗಿದಿದ್ದರಿಂದ. ನೀವು ಹಾಕುವಾಗ ಹಳೆಯ ರಬ್ಬರ್ ಬಳೆ ಎಂಜಿನ್ನಿನಲ್ಲೇ ಅಂಟಿ ಉಳಿದಿಲ್ಲವೆಂದು ಬೆರಳಿಟ್ಟು ನೋಡಿ. ಹೊಸ ಬಳೆಗೆ ಹೊಸ ಆಯಿಲ್ ಸವರಿ. ಬಳೆ ಎಂಜಿನ್ನನ್ನು ಮುಟ್ಟಿದ ಮೇಲೆ ಫಿಲ್ಟರಿನ ಮೇಲೆ ಅಥವಾ ಕೈಪಿಡಿಯಲ್ಲಿ ಬರೆದಷ್ಟೇ, ಸಾಮಾನ್ಯವಾಗಿ ಮುಕ್ಕಾಲು ಸುತ್ತು, ಬಿಗಿಯಿರಿ. ಎಂಜಿನ್ ಚಾಲೂ ಮಾಡಿ ಸೋರಿಕೆ ನೋಡಿ, ನಿಲ್ಲಿಸಿ, ಆಯಿಲ್ ಕೆಳಗಿಳಿಯಲು ಕೆಲವು ನಿಮಿಷ ಬಿಟ್ಟು ಮಟ್ಟ ನೋಡಿ.

ಮೇಜಿನ ಮೇಲೆ ನಾಲ್ಕು ಹಲ್ಲಿನ ಬಾಕ್ಸ್, ಕಪ್, ಇಂಪ್ಯಾಕ್ಟ್ ಡ್ರೈವರ್, ಒಂದು ಹಳೆಯ ಸ್ಪ್ಲೆಂಡರ್ ಡಬ್ಬಿ ಇವೆ. ವರ್ನಿಯರ್ ಕೂಡ ಇದೆ. ಬನ್ನಿ, ಮೊದಲು ನಟ್ಟಿನ ಕಚ್ಚನ್ನು ಅಳೆಯೋಣ.