ಅಳತೆ ಬ್ಲೌಸು

ಎಲ್ಲರಿಗೂ ನಮಸ್ಕಾರ.

ನಾನು ತಿಪಟೂರಿನಲ್ಲಿ ಹೆಂಗಸರ ಬಟ್ಟೆ ಹೊಲಿಯುವವಳು. ಅಂಗಡಿ ಇಟ್ಟು 26 ವರ್ಷವಾಯಿತು. ಮಷಿನ್ನಿನ ಪಕ್ಕದಲ್ಲೇ ರೇಡಿಯೋ ಇರುತ್ತದೆ, ಕೇಳುತ್ತಾ ಹೊಲಿಯುತ್ತೇನೆ. ಇವತ್ತು ಅದೇ ರೇಡಿಯೋದಲ್ಲಿ ಮಾತಾಡಿ ಅಂದಿದ್ದಾರೆ. ಸೌಂದರ್ಯ ಸ್ಪರ್ಧೆಗೆ ನಿಲ್ಲುವ ಹುಡುಗಿಯರು, ಮೈಕಟ್ಟಿನ ವಿಷಯದಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಮಾದರಿ ಆಗಬಹುದಾ? ಇದು ವಿಷಯ. ಟೇಪು ಹಿಡಿದು ದಿನಾ ಹೆಂಗಸರ ಮೈ ಅಳೆಯುವವಳಿಗೆ ಈ ಬಗ್ಗೆ ಹೇಳುವುದು ಸ್ವಲ್ಪ ಇದೆ.

ಹೋದ ಮಾಘದಲ್ಲಿ ಮದುವೆಯಿದ್ದ ಒಬ್ಬ ಹುಡುಗಿ ಅಂಗಡಿಗೆ ಬಂದಳು. ಜೊತೆಗೆ ಅವಳಮ್ಮ. ಧಾರೆ ಸೀರೆಯ ಬ್ಲೌಸು ಹೊಲಿಯಬೇಕಿತ್ತು. ಸೊಂಟಕ್ಕೆ ಟೇಪು ಸುತ್ತಿದ ಕೂಡಲೇ ಹುಡುಗಿ ಹೊಟ್ಟೆ ಒಳಗೆಳೆದು ಉಸಿರು ಬಿಗಿಹಿಡಿದಳು. ಎಲ್ಲರೂ ಹೀಗೆ ಮಾಡುತ್ತಾರೆ. 'ಉಸಿರು ಬಿಡಮ್ಮಾ' ಅಂದೆ. ಬಿಟ್ಟಳು. 34 ಬಂತು. 'ಅಕ್ಕಾ, ನೀವು 30ಕ್ಕೇ ಹೊಲಿದುಬಿಡಿ, ಅಷ್ಟರಲ್ಲಿ ಇಳಿಸ್ತೀನಿ' ಅಂದಳು. ಮದುವೆಗೆ ಉಳಿದಿದ್ದು 35 ದಿನ. ಫೋನಿನಲ್ಲಿ ಒಂದು ಫೋಟೋ ತೋರಿಸಿದಳು. ಕಿರೀಟ ಇಟ್ಟುಕೊಂಡು ನಗುತ್ತಿದ್ದ ಹುಡುಗಿ. 'ಹೀಗೆ ಕಾಣಬೇಕು.' ಅವಳಮ್ಮ ಮೆಲ್ಲಗೆ ಹೇಳಿದರು, 'ರಾತ್ರಿ ಊಟಾನೇ ಬಿಟ್ಟಿದ್ದಾಳೆ ಕಣ್ರೀ, ಬರೀ ಸೌತೆಕಾಯಿ.'

ಆ ಫೋಟೋ ನನಗೆ ಹೊಸದಲ್ಲ. ಮುಖ ಬದಲಾಗುತ್ತದೆ, ಅಷ್ಟೆ. 1994ರಲ್ಲಿ ಸುಶ್ಮಿತಾ ಸೇನ್ ಮಿಸ್ ಯೂನಿವರ್ಸ್, ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ ಮಿಸ್ ವರ್ಲ್ಡ್. ಒಂದೇ ವರ್ಷ ಎರಡು ಕಿರೀಟ. ಎಷ್ಟು ಹೆಮ್ಮೆ ಪಟ್ಟಿದ್ದೆವು! ಎರಡು ವರ್ಷಕ್ಕೆ ಮಿಸ್ ವರ್ಲ್ಡ್ ಸ್ಪರ್ಧೆ ಬೆಂಗಳೂರಿಗೇ ಬಂತು. 1996ರ ನವೆಂಬರ್ 23, ಚಿನ್ನಸ್ವಾಮಿ ಸ್ಟೇಡಿಯಂ. ಆಗ ನಾನು ರಾಜಾಜಿನಗರದ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಟೈಲರಿಂಗ್ ಕಲಿಯುತ್ತಿದ್ದೆ. ಊರೆಲ್ಲ ಅದೇ ಮಾತು. ರೈತ ಸಂಘ, ಮಹಿಳಾ ಸಂಘಟನೆಗಳು, ಪಕ್ಷದವರು ಬೀದಿಗೆ ಇಳಿದಿದ್ದರು. ಸಾವಿರಾರು ಪೊಲೀಸರ ಕಾವಲು. ಗಲಾಟೆ ಜಾಸ್ತಿ ಆಗಿ ಈಜುಡುಗೆಯ ಸುತ್ತನ್ನು ಸೇಶೆಲ್ಸ್ ದ್ವೀಪಕ್ಕೆ ಸಾಗಿಸಿದರು. ಕೆಲವರು ಸಂಸ್ಕೃತಿ ಹಾಳಾಯಿತು ಅಂದರು, ಕೆಲವರು ಬೆಂಗಳೂರಿಗೆ ಹೆಸರು ಬಂತು ಅಂದರು. ಕೊನೆಗೆ ಗೆದ್ದಿದ್ದು ಗ್ರೀಸ್ ದೇಶದ ಐರಿನ್ ಸ್ಕ್ಲಿವಾ.

ನನಗೆ ನೆನಪಿರುವುದು ಮಾತ್ರ ಬೇರೆ. ಮಾರನೇ ದಿನ ಕ್ಲಾಸಿನಲ್ಲಿ ನಾವು ಹುಡುಗಿಯರು ಒಬ್ಬರ ಸೊಂಟ ಒಬ್ಬರು ಅಳೆದುಕೊಂಡೆವು. ಎದೆ, ಸೊಂಟ, ಪೃಷ್ಠ ಇಂಚಿನಲ್ಲಿ 36-24-36 ಇರಬೇಕು ಅಂತ ಒಂದು ಲೆಕ್ಕ ಎಲ್ಲರ ಬಾಯಲ್ಲೂ ಇತ್ತಲ್ವಾ, ಅದನ್ನು ನೋಡುವುದಕ್ಕೆ. ಕಟಿಂಗ್ ಕಲಿಯುವ ಕಂದು ಕಾಗದದ ಮೇಲೆ ಹದಿನಾಲ್ಕು ಜನರ ಅಳತೆ ಬರೆದೆವು. 24 ಬಂದಿದ್ದು ಒಬ್ಬಳಿಗೆ ಮಾತ್ರ. ಅವಳಿಗೆ ರಕ್ತ ಕಡಿಮೆ ಇತ್ತು. ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದಳು, ಡಾಕ್ಟರು ಕಬ್ಬಿಣದ ಮಾತ್ರೆ ಬರೆದುಕೊಟ್ಟಿದ್ದರು. ಅವತ್ತು ನಾವು ಉಳಿದ ಹದಿಮೂರು ಜನ ಅವಳನ್ನು ನೋಡಿ ಹೊಟ್ಟೆ ಉರಿದುಕೊಂಡೆವು.

ಈ ಸ್ಪರ್ಧೆಗಳು ಶುರುವಾದ ಕಥೆ ಓದಿದಾಗ ನನಗೆ ಒಂದು ಸಂಗತಿ ಬಹಳ ನಾಟಿತು. ಅಮೆರಿಕದಲ್ಲಿ ಯೋಲಾಂಡ್ ಬೆಟ್‌ಬೀಸ್ ಅಂತ ಒಬ್ಬ ಹೆಣ್ಣುಮಗಳು 1951ರ ಮಿಸ್ ಅಮೆರಿಕ ಆದಳು. ಕಿರೀಟ ಸಿಕ್ಕ ಮೇಲೆ, ಈಜುಡುಗೆ ಹಾಕಿಕೊಂಡು ಊರೂರು ತಿರುಗಲ್ಲ ಅಂದಳು. ಸ್ಪರ್ಧೆಗೆ ದುಡ್ಡು ಹಾಕುತ್ತಿದ್ದ ಕ್ಯಾಟಲೀನಾ ಅನ್ನುವ ಈಜುಡುಗೆ ಕಂಪನಿಗೆ ಸಿಟ್ಟು ಬಂತು. ಅವರು ಅಲ್ಲಿಂದ ಹೊರಬಂದು ತಾವೇ ಬೇರೆ ಸ್ಪರ್ಧೆ ಹುಟ್ಟುಹಾಕಿದರು. ಅದೇ 1952ರಲ್ಲಿ ಶುರುವಾದ ಮಿಸ್ ಯೂನಿವರ್ಸ್. ಅಂದರೆ ಬಟ್ಟೆ ಮಾರುವವರು ಮಾಡಿದ ಸ್ಪರ್ಧೆ ಅದು. ಬಟ್ಟೆ ಚೆನ್ನಾಗಿ ಕಾಣಬೇಕು, ಅದಕ್ಕೆ ತಕ್ಕ ಮೈ ಹುಡುಕಬೇಕು. ನನ್ನ ಕಸುಬು ಇದಕ್ಕೆ ತದ್ವಿರುದ್ಧ. ಮೈ ಹೇಗಿದೆಯೋ ಹಾಗೆ ಒಪ್ಪಿಕೊಂಡು ಅದಕ್ಕೆ ತಕ್ಕ ಬಟ್ಟೆ ಹೊಲಿಯುತ್ತೇನೆ. ಒಂದು ಭುಜ ಇಳಿದಿದ್ದರೆ ಅದಕ್ಕೊಂದು ಕಟಿಂಗ್. ತೋಳು ದಪ್ಪ ಇದ್ದರೆ ಕಂಕುಳಲ್ಲಿ ಒಂದು ತುಂಡು ಬಟ್ಟೆ ಸೇರಿಸುತ್ತೇನೆ.

ಈಗ ಮಿಸ್ ವರ್ಲ್ಡ್‌ನವರು ಈಜುಡುಗೆ ಸುತ್ತು ಬಿಟ್ಟಿದ್ದಾರೆ, ಮಿಸ್ ಅಮೆರಿಕದವರೂ 2018ರಲ್ಲಿ ಬಿಟ್ಟರು. ಒಳ್ಳೆಯದೇ. ಆದರೆ 2019ರಲ್ಲಿ ಮಿಸ್ ಇಂಡಿಯಾ ಅಂತಿಮ ಸುತ್ತಿನ ಮೂವತ್ತು ಹುಡುಗಿಯರ ಫೋಟೋ ಒಟ್ಟಿಗೆ ಪೇಪರಿನಲ್ಲಿ ಬಂದಾಗ, ಯಾರು ಯಾರೆಂದೇ ಗೊತ್ತಾಗುತ್ತಿಲ್ಲ ಅಂತ ಜನ ಬೇಜಾರು ಮಾಡಿಕೊಂಡರು. ಬೇರೆ ಬೇರೆ ರಾಜ್ಯದವರು, ಮುಖಕ್ಕೆಲ್ಲ ಒಂದೇ ಬಣ್ಣ, ಒಂದೇ ಥರದ ಕೂದಲು. ಈಜುಡುಗೆ ಹೋದರೂ ಅಚ್ಚು ಹಾಗೇ ಇದೆ.

ಆ ಹುಡುಗಿಯರನ್ನು ನಾನು ಬೈಯುತ್ತಿಲ್ಲ. ತಿಂಗಳುಗಟ್ಟಲೆ ಕಷ್ಟಪಡುತ್ತಾರೆ. ಅಷ್ಟು ಜನರ ಎದುರು ನಿಂತು ಮಾತಾಡುವುದು ಸುಮ್ನೆ ಅಲ್ಲ. 1966ರಲ್ಲಿ ಮಿಸ್ ವರ್ಲ್ಡ್ ಆದ ರೀಟಾ ಫರಿಯಾ ಮುಂಬೈನಲ್ಲಿ ಡಾಕ್ಟರಿಕೆ ಓದುತ್ತಿದ್ದ ಹುಡುಗಿ. ಒಂದು ವರ್ಷ ಕಿರೀಟ ಹೊತ್ತು, ಸಿನಿಮಾ ಕಡೆ ಹೋಗದೆ ಮತ್ತೆ ಓದಿಗೆ ಹೋದರು, ಡಾಕ್ಟರಾದರು. ಅಂಥವರ ಧೈರ್ಯ ಕಲಿಯಿರಿ, ಮಾತು ಕಲಿಯಿರಿ ಅಂತ ನನ್ನ ಮಗಳಿಗೂ ಹೇಳುತ್ತೇನೆ. ಮೈಕಟ್ಟು ಮಾತ್ರ ಬೇಡ. ಯಾಕೆಂದರೆ ಲೋಕದಲ್ಲಿ ತನ್ನ ಮೈ ಬಗ್ಗೆ ಅತಿ ಹೆಚ್ಚು ಭಯ ಇಟ್ಟುಕೊಂಡು ಬದುಕಬೇಕಾದವಳು ಆ ವೇದಿಕೆ ಮೇಲಿನ ಹುಡುಗಿಯೇ. ಹೆದರಿಕೊಂಡವಳ ಹತ್ತಿರ ನೆಮ್ಮದಿ ಕಲಿಯೋದು ಹೇಗೆ?

ಬೆಂಗಳೂರಿನಲ್ಲಿ ಸ್ಪರ್ಧೆ ನಡೆದ ಅದೇ 1996ರಲ್ಲಿ ವೆನೆಜುವೆಲಾ ದೇಶದ ಅಲಿಸಿಯಾ ಮಚಾಡೊ ಮಿಸ್ ಯೂನಿವರ್ಸ್ ಆಗಿದ್ದಳು. ಗೆದ್ದ ಮೇಲೆ ಸ್ವಲ್ಪ ಮೈ ಬಂತು. ಆಗ ಆ ಸ್ಪರ್ಧೆ ಡೊನಾಲ್ಡ್ ಟ್ರಂಪ್ ಕೈಯಲ್ಲಿತ್ತು. 1997ರ ಜನವರಿಯಲ್ಲಿ ಅವಳನ್ನು ಜಿಮ್ಮಿಗೆ ಕರೆದುಕೊಂಡು ಹೋಗಿ, ಕ್ಯಾಮರಾದವರನ್ನೆಲ್ಲ ಸೇರಿಸಿ, ಅವರೆದುರಿಗೇ ವ್ಯಾಯಾಮ ಮಾಡಿಸಿದರು. ಇಪ್ಪತ್ತು ವರ್ಷದ ಹುಡುಗಿ. ಆಮೇಲೆ ವರ್ಷಗಟ್ಟಲೆ ಊಟದ ವಿಷಯದಲ್ಲಿ ಕಾಯಿಲೆ ಅನುಭವಿಸಿದೆ ಅಂತ ಅವಳೇ ಹೇಳಿಕೊಂಡಿದ್ದಾಳೆ.

ನಮ್ಮ ಹರ್ನಾಜ್ ಸಂಧು ಕಥೆ ನೋಡಿ. 2021ರ ಡಿಸೆಂಬರಿನಲ್ಲಿ, 21 ವರ್ಷ ಆದ ಮೇಲೆ ಭಾರತಕ್ಕೆ ಮಿಸ್ ಯೂನಿವರ್ಸ್ ಕಿರೀಟ ತಂದಳು. ಕೆಲವೇ ತಿಂಗಳಲ್ಲಿ ದಪ್ಪ ಆಗಿದ್ದಾಳೆ ಅಂತ ಫೋನಿನಲ್ಲೆಲ್ಲ ಹೀಗಳೆದರು. ಅವಳಿಗೆ ಸೀಲಿಯಾಕ್ ಅನ್ನುವ ಕಾಯಿಲೆ. ಗೋಧಿ ತಿನ್ನುವ ಹಾಗಿಲ್ಲ. ಮೊದಲು ತುಂಬ ಸಣ್ಣ ಅಂತ ಆಡಿಕೊಂಡವರು ಈಗ ದಪ್ಪ ಅಂತ ಆಡಿಕೊಳ್ಳುತ್ತಾರೆ ಅಂತ ಎಲ್ಲರೆದುರು ಹೇಳಿದಳು. ಐಶ್ವರ್ಯಾ ರೈ ಹೆರಿಗೆಯಾದ ಮೇಲೆ ದಪ್ಪ ಆದಾಗಲೂ ಬಿಟ್ಟರಾ? ಬಾಣಂತಿ ಮೈ ಕರಗಿಲ್ಲ ಅಂತ ದೇಶವೆಲ್ಲ ಮಾತಾಡಿತು. ನನ್ನ ಅಂಗಡಿಯಲ್ಲಿ ಬಾಣಂತಿಯ ಬ್ಲೌಸು ಬಂದರೆ ನಾನು ಏನೂ ಕೇಳುವುದೇ ಇಲ್ಲ. ಎರಡು ಹೊಲಿಗೆ ಬಿಚ್ಚಿಕೊಡುತ್ತೇನೆ.

ಒಂದು ವಿಷಯ ನನ್ನ ಮಗಳು ಹೇಳಿದ್ದು. ಅವಳು ಮನಶ್ಶಾಸ್ತ್ರ ಓದುತ್ತಿದ್ದಾಳೆ. ಫಿಜಿ ದ್ವೀಪದಲ್ಲಿ ಮೈಕೈ ತುಂಬಿಕೊಂಡಿರುವುದೇ ಚೆಂದ ಅನ್ನುವ ನಂಬಿಕೆ ಇತ್ತಂತೆ, ಥೇಟ್ ನಮ್ಮ ಹಾಗೆ. 1995ರಲ್ಲಿ ಅಲ್ಲಿನ ಒಂದು ಸೀಮೆಗೆ ಟಿವಿ ಬಂತು. ಆಗಷ್ಟೇ ಆ್ಯನ್ ಬೆಕರ್ ಅನ್ನುವ ಡಾಕ್ಟರು ಅಲ್ಲಿನ ಶಾಲೆಯ ಹುಡುಗಿಯರನ್ನು ವಿಚಾರಿಸಿದ್ದರು. ಸಣ್ಣ ಆಗಬೇಕು ಅಂತ ತಿಂದದ್ದನ್ನು ವಾಂತಿ ಮಾಡಿಕೊಳ್ಳುವವಳು ಒಬ್ಬಳೂ ಇರಲಿಲ್ಲ. 1998ರಲ್ಲಿ ಮತ್ತೆ ವಿಚಾರಿಸಿದರೆ ನೂರಕ್ಕೆ ಹನ್ನೊಂದು ಹುಡುಗಿಯರು ಹಾಗೆ ಮಾಡುತ್ತಿದ್ದರು. ಮೂರೇ ವರ್ಷ! ನಮ್ಮ ಅಜ್ಜಿ ಇದ್ದಾಗ ಯಾರೇ ಮನೆಗೆ ಬಂದರೂ 'ಯಾಕೆ ಇಷ್ಟು ಸೊರಗಿದ್ದೀಯೇ?' ಅಂತ ಕೇಳುತ್ತಿದ್ದರು. ಈಗ 'ಸಣ್ಣ ಆಗಿದ್ದೀಯಲ್ಲೇ, ಏನ್ ಮಾಡಿದೆ?' ಅಂತ ಖುಷಿಯಾಗಿ ಕೇಳುತ್ತಾರೆ.

ಸ್ಪರ್ಧೆಗೆ ನಿಂತವರ ಸಾಲಿನಲ್ಲಿ ಮಾದರಿ ಅಂತ ಒಬ್ಬಳನ್ನು ತೋರಿಸು ಅಂದರೆ ನಾನು ನೇಪಾಳದ ಜೇನ್ ದೀಪಿಕಾ ಗ್ಯಾರೆಟ್ ಹೆಸರು ಹೇಳುತ್ತೇನೆ. 2023ರ ಮಿಸ್ ಯೂನಿವರ್ಸ್ ಸ್ಪರ್ಧೆಗೆ ಎಲ್ ಸಾಲ್ವಡಾರ್ ದೇಶಕ್ಕೆ ಹೋಗಿದ್ದಳು. ದಪ್ಪ ಮೈಯ ಹುಡುಗಿ. ಪಿಸಿಓಡಿ, ಅಂದರೆ ಹಾರ್ಮೋನು ಏರುಪೇರಾಗಿ ಮುಟ್ಟು ಹದ ತಪ್ಪುವ ತೊಂದರೆ ಇದೆ, ಅದರಿಂದ ತೂಕ ಏರಿದೆ ಅಂತ ಮುಚ್ಚುಮರೆಯಿಲ್ಲದೆ ಹೇಳಿದಳು. ಎಲ್ಲರ ಹಾಗೆ ಈಜುಡುಗೆಯಲ್ಲೂ ನಡೆದಳು, ಮೊದಲ ಇಪ್ಪತ್ತರಲ್ಲಿ ಬಂದಳು. ಪಿಸಿಓಡಿ ನಮ್ಮೂರಲ್ಲಿ ಎಷ್ಟು ಹುಡುಗಿಯರಿಗಿದೆ, ನನಗೆ ಗೊತ್ತು. ಟೇಪು ಹಿಡಿದಾಗ ಅವರೇ ಹೇಳಿಕೊಂಡು ಕಣ್ಣೀರು ಹಾಕುತ್ತಾರೆ.

ಇನ್ನು ನನ್ನದೇ ಒಂದು ತಪ್ಪು ಹೇಳಬೇಕು. ನಾನು ಅಳತೆ ತೆಗೆಯುವಾಗ ಗಟ್ಟಿಯಾಗಿ ಕೂಗುತ್ತಿದ್ದೆ, ಸಹಾಯದ ಹುಡುಗಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಎದೆ ಇಷ್ಟು, ಸೊಂಟ ಇಷ್ಟು. ಬೆಂಚಿನ ಮೇಲೆ ಕೂತವರಿಗೆಲ್ಲ ಕೇಳುತ್ತಿತ್ತು. ಒಂದು ದಿನ ಹತ್ತನೇ ಕ್ಲಾಸಿನ ಒಬ್ಬಳು ಲಂಗ ದಾವಣಿ ಹೊಲಿಸಲು ಬಂದಿದ್ದಳು. ನಾನು ಸೊಂಟದ ಅಳತೆ ಕೂಗಿದೆ. ಬೆಂಚಿನಿಂದ ಒಬ್ಬರು, 'ಅಯ್ಯೋ, ಈ ವಯಸ್ಸಿಗೇ ಇಷ್ಟಾ?' ಅಂದುಬಿಟ್ಟರು. ಹುಡುಗಿಯ ಕಿವಿ ಕೆಂಪಾಯಿತು. ಆಮೇಲೆ ಅವಳು ಅಂಗಡಿಗೆ ಬರಲಿಲ್ಲ. ಪ್ರತಿ ಸಲ ಅಮ್ಮನ ಕೈಯಲ್ಲಿ ಅಳತೆ ಬ್ಲೌಸು ಕಳಿಸುತ್ತಿದ್ದಳು. ಅದೇ ಹಳೇ ಬ್ಲೌಸು, ವರ್ಷ ವರ್ಷ. ಬೆಳೆಯುವ ಹುಡುಗಿಗೆ ಹಳೇ ಅಳತೆ ಸಾಲುತ್ತದೆಯೇ? ಬಿಗಿಯಾಗಿದ್ದರೂ ಹಾಗೇ ಹಾಕಿಕೊಂಡಿರಬೇಕು ಪಾಪ. ಹಿಂದಿನ ಕಾಲದಲ್ಲಿ ಸುಂದರಿಯರ ಅಳತೆಯನ್ನು ಪೇಪರಿನಲ್ಲಿ ಹಾಕುತ್ತಿದ್ದರು. ನಾನು ಮಾಡುತ್ತಿದ್ದದ್ದೂ ಅದನ್ನೇ ಅಂತ ಆಮೇಲೆ ಹೊಳೆಯಿತು. ಅಂದಿನಿಂದ ಪರದೆ ಹಾಕಿಸಿದೆ. ಅಳತೆ ನಾನೇ ತೆಗೆಯುತ್ತೇನೆ, ನಾನೇ ಬರೆದುಕೊಳ್ಳುತ್ತೇನೆ, ಬಾಯಿ ಬಿಟ್ಟು ಹೇಳುವುದಿಲ್ಲ.

ಮದುವೆ ಹುಡುಗಿಯ ಬ್ಲೌಸು 30ಕ್ಕೆ ಹೊಲಿಯಲಿಲ್ಲ. ಇದ್ದ ಅಳತೆಗೇ ಹೊಲಿದು, ಒಳಗೆ ಎರಡು ಬೆರಳು ಬಟ್ಟೆ ಬಿಟ್ಟೆ. ಮದುವೆಗೆ ನಾಲ್ಕು ದಿನ ಇರುವಾಗ ಬಂದು ಹಾಕಿಕೊಂಡು ನೋಡಿದಳು. ನಾನು ಮದುಮಗಳಿಗೆ ಯಾವಾಗಲೂ ಒಂದು ಕೆಲಸ ಮಾಡಿಸುತ್ತೇನೆ. ಹಾರ ಹಾಕುವಾಗ ಕೈ ಎತ್ತಬೇಕಲ್ಲ, ಅದಕ್ಕೆ. 'ಎರಡೂ ಕೈ ಮೇಲೆತ್ತಮ್ಮಾ' ಅಂದೆ. ಎತ್ತಿದಳು. 'ಎಲ್ಲಾದರೂ ಹಿಡಿಯುತ್ತಾ?'

'ಇಲ್ಲ ಅಕ್ಕಾ' ಅಂದಳು. ಕೈ ಇಳಿಸಿ ಇನ್ನೊಂದು ಸಲ ಎತ್ತಿ ನೋಡಿದಳು.

ನಮಸ್ಕಾರ.