ಮೋಟರ್‌ಹೋಮ್‌ನಲ್ಲಿ ಕೆನಡಾಕ್ಕೆ: ನಾವು ಪಾಸು, ಕರಿಬೇವು ಫೇಲು

ಈಗ ಕಾಣುತ್ತಿರುವುದು ಅಮೆರಿಕದ ಐ-5 ಹೆದ್ದಾರಿ. ಬೆಲ್ಲಿಂಗ್‌ಹ್ಯಾಮ್ ದಾಟಿ ಆಯಿತು, ಮುಂದೆ ಬ್ಲೇನ್, ಅದರಾಚೆ ಕೆನಡಾ. ನಮ್ಮದು ಮಂಚ, ಫ್ರಿಜ್ಜು, ಟಾಯ್ಲೆಟ್ ಎಲ್ಲ ಒಳಗೇ ಇರುವ ಗಾಡಿ. ಓಡಿಸುವುದು ಇವರು, ಮಾತಾಡುವುದು ನಾನು, ಹಿಂದೆ ಬೆಲ್ಟ್ ಹಾಕಿಕೊಂಡು ಕೂತಿರುವವರು ಶಿವಮೊಗ್ಗದಿಂದ ಬಂದಿರುವ ನಮ್ಮ ಅತ್ತೆ.

ಆ ಬೋರ್ಡ್ ನೋಡಿ. ಯಾವ ಗೇಟಿನಲ್ಲಿ ಎಷ್ಟು ನಿಮಿಷ ಕಾಯಬೇಕು ಅಂತ ಹೆದ್ದಾರಿಯಲ್ಲೇ ಹಾಕಿರುತ್ತಾರೆ. ನಾವು ಹೊರಟಿರುವುದು ಪೀಸ್ ಆರ್ಚ್ ಅನ್ನುವ ಗೇಟಿಗೆ. ಅಲ್ಲಿ ಸರಕಿನ ಲಾರಿ ಬಿಡುವುದಿಲ್ಲ, ಮೋಟರ್‌ಹೋಮ್ ಬಿಡುತ್ತಾರೆ. ಮೊದಲೇ ತಪಾಸಣೆ ಮಾಡಿಸಿಕೊಂಡು ನೆಕ್ಸಸ್ ಕಾರ್ಡ್ ಪಡೆದವರ ಸಾಲು ಖಾಲಿ ಇದೆ ಅಂತ ಆಸೆ ಪಡಬೇಡಿ, ಗಾಡಿಯಲ್ಲಿರುವ ಪ್ರತಿಯೊಬ್ಬರ ಹತ್ತಿರವೂ ಆ ಕಾರ್ಡ್ ಇರಬೇಕು.

ಕಾಗದಪತ್ರ ಬೇಗ ಹೇಳಿಬಿಡುತ್ತೇನೆ. ನಮ್ಮಿಬ್ಬರದ್ದು ಭಾರತದ ಪಾಸ್‌ಪೋರ್ಟ್, ಜೊತೆಗೆ ಗ್ರೀನ್ ಕಾರ್ಡ್. ಅದಿದ್ದರೆ ಕೆನಡಾ ವೀಸಾ ಬೇಡ. ಅತ್ತೆಗೆ ಬೇಕೇ ಬೇಕು. ಅಮೆರಿಕದ ವೀಸಾ ಇದೆಯಲ್ಲ, ಪಕ್ಕದ ದೇಶ ತಾನೇ ಅಂದುಕೊಂಡು ಅಪ್ಪ ಅಮ್ಮನನ್ನು ಹತ್ತಿಸಿಕೊಂಡು ಹೊರಟರೆ ಗೇಟಿನಿಂದಲೇ ವಾಪಸ್. ಗಾಡಿ ಬಾಡಿಗೆಯದ್ದಾದರೆ ಕೆನಡಾಕ್ಕೆ ಒಯ್ಯಬಹುದು ಅಂತ ಬರೆದಿರುವ ಪತ್ರ ಬೇಕು, ಇನ್ಶೂರೆನ್ಸ್ ಅಲ್ಲೂ ನಡೆಯುತ್ತದಾ ಅಂತ ಕೇಳಿಕೊಂಡಿರಬೇಕು. ಫೋನಲ್ಲಿ ಪಿಡಿಎಫ್ ಇದ್ದರೆ ಸಾಕು ಅನ್ನುತ್ತಾರೆ ಇವರು. ನನಗೆ ಕಾಗದವೇ ಇರಬೇಕಪ್ಪ.

ಕ್ಯಾಂಪ್‌ಫೈರ್ ಸೌದೆ ಹೊತ್ತುಕೊಂಡು ಹೋಗಬೇಡಿ, ಅದರಲ್ಲಿ ಹುಳ ಇರುತ್ತದೆ ಅಂತ ಬಿಡುವುದಿಲ್ಲ. ಮನುಷ್ಯರಿಗೆ ಹೊಡೆಯುವ ಪೆಪ್ಪರ್ ಸ್ಪ್ರೇ ಕೆನಡಾದಲ್ಲಿ ನಿಷೇಧ, ಕರಡಿಗೆ ಅಂತ ಲೇಬಲ್ ಇರುವ ಸ್ಪ್ರೇ ನಡೆಯುತ್ತದೆ. ಗಾಂಜಾ ಕತೆ ಇನ್ನೂ ವಿಚಿತ್ರ. ವಾಷಿಂಗ್ಟನ್ ರಾಜ್ಯದಲ್ಲಿ ಕಾನೂನುಬದ್ಧ, ಕೆನಡಾದಲ್ಲೂ 2018ರಿಂದ ಕಾನೂನುಬದ್ಧ, ಆದರೆ ಮಧ್ಯದ ಗೆರೆ ದಾಟಿಸಿದರೆ ಅಪರಾಧ! ನಮಗೇನೂ ಸಂಬಂಧ ಇಲ್ಲ ಬಿಡಿ, ಅತ್ತೆ ಕೇಳಿಸಿಕೊಳ್ಳುತ್ತಿದ್ದಾರೆ.

ಒಟ್ಟಿನಲ್ಲಿ ಗಡಿ ದಾಟಲು ಇದರಷ್ಟು ರಗಳೆಯ ಗಾಡಿ ಇನ್ನೊಂದಿಲ್ಲ. ಕಾರಾದರೆ ಡಿಕ್ಕಿ ತೆಗೆದು ತೋರಿಸಿದರೆ ಮುಗೀತು. ಇಲ್ಲಿ ಫ್ರಿಜ್ಜು, ಮಂಚದ ಕೆಳಗಿನ ಡಬ್ಬ, ಎಲ್ಲ ನೋಡಬಹುದು.

ಅಗೋ, ಬಿಳಿ ಕಮಾನು! 1921ರದ್ದು. ಗಡಿ ಗೆರೆಯ ಮೇಲೇ ಕಟ್ಟಿದ್ದಾರೆ. ಸಾಲು ನಿಂತುಬಿಟ್ಟಿದೆ, ಅತ್ತೆ ಫ್ಲಾಸ್ಕ್‌ನಿಂದ ಕಾಫಿ ಬಗ್ಗಿಸುತ್ತಿದ್ದಾರೆ, ಟಾಯ್ಲೆಟ್ ಐದು ಹೆಜ್ಜೆ ದೂರದಲ್ಲಿದೆ. ಪಕ್ಕದ ಕಾರಿನಲ್ಲಿ ಮಕ್ಕಳು ಚಡಪಡಿಸುತ್ತಿವೆ, ಪಾಪ. ಈಗ ಹೇಳಿದ್ದು ವಾಪಸ್ ತಗೊಂಡೆ, ಗಡಿಯಲ್ಲಿ ಕಾಯುವುದಕ್ಕೆ ಮೋಟರ್‌ಹೋಮೇ ಸರಿ.

ಬೂತ್ ಹತ್ತಿರ ಕ್ಯಾಮೆರಾ ಆಫ್, ಅದಕ್ಕೇ ಈ ಕಟ್. ಎಲ್ಲಿಗೆ, ಎಷ್ಟು ದಿನ, ಮದ್ಯ ಇದೆಯಾ, ಬಂದೂಕು ಇದೆಯಾ ಅಂತ ಕೇಳಿದರು. ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟೆವು, ಬಿಟ್ಟರು. ಕೆನಡಾದಲ್ಲಿ ನಾವು ಸುತ್ತಿದ ವಿಸ್ಲರ್ ಊರಿನ ವಿಡಿಯೋ ಬೇರೆಯೇ ಹಾಕುತ್ತೇನೆ.

ಇದು ವಾಪಸ್ ಬರುವ ದಿನ. ಅಸಲಿ ವಿಷಯ ಇರುವುದು ಇಲ್ಲಿ. ಕೆನಡಾದ ಸರ್ರೆ ಊರಿನ ಇಂಡಿಯನ್ ಅಂಗಡಿಯಲ್ಲಿ ಅತ್ತೆಗೆ ಕರಿಬೇವು ಕಣ್ಣಿಗೆ ಬಿತ್ತು. ನೋಡಿ, ಈ ಕಟ್ಟು. ಹಚ್ಚಗೆ, ಕಡ್ಡಿ ಸಮೇತ, ಕವರ್ ಬಿಚ್ಚಿದ್ದೇ ಗಾಡಿಯೆಲ್ಲ ಘಮ ಘಮ. ಗಡಿಯಲ್ಲಿ ಬಿಡಲ್ಲ ಅತ್ತೆ ಅಂದರೆ, "ಸೊಪ್ಪಿಗೆ ಯಾರಮ್ಮಾ ಪಾಸ್‌ಪೋರ್ಟ್ ಕೇಳ್ತಾರೆ?" ಅಂದರು. ಸರಿ, ಅಧಿಕಾರಿ ಕೇಳುವ ಮೊದಲೇ ನಾವೇ ಹೇಳಿದೆವು. ಅವರು ನಕ್ಕರು. ನಕ್ಕು, ತಗೊಂಡರು. ದಂಡ ಹಾಕಲಿಲ್ಲ, ಯಾಕಂದರೆ ಮುಚ್ಚಿಡಲಿಲ್ಲ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಮಾತ್ರ ಜೇಬಿಗೆ ಕತ್ತರಿ.

ನನಗೆ ಸಿಟ್ಟು ಬಂದಿದ್ದು ನಿಜ. ಒಂದು ಕಟ್ಟು ಸೊಪ್ಪಿನಿಂದ ಅಮೆರಿಕಕ್ಕೆ ಏನು ಆಗಬೇಕು ಹೇಳಿ! ಆದರೆ ಕಾರಣ ಇದೆ. ಕರಿಬೇವು, ನಿಂಬೆ, ಕಿತ್ತಳೆ ಎಲ್ಲ ಒಂದೇ ಕುಟುಂಬದವು. ಸಿಲ್ಲಿಡ್ ಅನ್ನುವ ಪುಟ್ಟ ಕೀಟ ಕರಿಬೇವಿನ ಮೇಲೂ ಮೊಟ್ಟೆ ಇಡುತ್ತದೆ. ಕಿತ್ತಳೆ ಗಿಡಕ್ಕೆ ಸಿಟ್ರಸ್ ಗ್ರೀನಿಂಗ್ ರೋಗ ಅಂಟಿಸುವುದು ಅದೇ. ಫ್ಲಾರಿಡಾದಲ್ಲಿ ಈ ರೋಗ ಕಾಣಿಸಿದ್ದು 2005ರಲ್ಲಿ, ಆಮೇಲೆ ಅಲ್ಲಿನ ಕಿತ್ತಳೆ ತೋಟಗಳು ನೆಲ ಕಚ್ಚಿದವು, ಬಂದ ಮೇಲೆ ಔಷಧಿಯೂ ಇಲ್ಲ. ಅಡಿಕೆಗೆ ಹಳದಿ ಎಲೆ ರೋಗ ಬಂದ ತೋಟ ನೋಡಿರುವ ಅತ್ತೆಗೆ ಇದನ್ನು ಹೇಳಿದ್ದೇ ತಡ, "ಹಂಗಾದ್ರೆ ತಗೊಂಡಿದ್ದೇ ಸರಿ ಬಿಡು" ಅಂದುಬಿಟ್ಟರು. ನಾನಿನ್ನೂ ಅಷ್ಟು ಉದಾರಿ ಆಗಿಲ್ಲ. ನಾಲ್ಕು ಎಸಳು ಬೆಳಗ್ಗೆ ಉಪ್ಪಿಟ್ಟಿಗೇ ಹಾಕಿ ಮುಗಿಸಿದ್ದೆವು, ಅಷ್ಟು ಲಾಭ.

ಸಾಂಬಾರ್ ಪುಡಿ, ಚಟ್ನಿಪುಡಿ ಏನೂ ಅನ್ನಲಿಲ್ಲ. ಮಜ್ಜಿಗೆ ಮೆಣಸಿನಕಾಯಿ ಕೈಯಲ್ಲಿ ಹಿಡಿದು... ಅಯ್ಯೋ, ಬೆಲ್ಲಿಂಗ್‌ಹ್ಯಾಮ್ ಎಕ್ಸಿಟ್ ಬಂತು. ಪೆಟ್ರೋಲ್ ಇಲ್ಲೇ ಹಾಕಿಸಬೇಕು, ಆ ಕಡೆ ಜಾಸ್ತಿ ರೇಟು. ರೀ, ಬಲಕ್ಕೆ, ಬಲಕ್ಕೆ!